ಕೀಬೋರ್ಡ್ ಗುಂಯ್‌ಗುಡದಿರಲಿ: ಸಣ್ಣ ಡಿಐ ಬಾಕ್ಸ್ ಕೊಳ್ಳುವ ಮುಂಚೆ

ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸ್ ಎಂಬ ಡಬ್ಬಿಯ ಬಗ್ಗೆ ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಎದುರಿಗಿದ್ದವರು ಆರ್ಕೆಸ್ಟ್ರಾದವರು, ಭಜನೆ ತಂಡದವರು, ಹಳ್ಳಿ ನಾಟಕಕ್ಕೆ ನುಡಿಸುವವರು. ಮೈಕ್ ಸೆಟ್‌ನವರೂ ಒಂದಷ್ಟು ಜನ ಇದ್ದರು. ಬರೆಯುವಾಗ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮಧ್ಯೆ ಕೇಳಿದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ಮಾತಿಗಿಂತ ಮುಂಚೆ ಒಂದು ಸದ್ದು ಕೇಳಿಸುತ್ತೇನೆ. ಈ ಕೀಬೋರ್ಡನ್ನು ಯಾರೂ ಮುಟ್ಟುತ್ತಿಲ್ಲ, ನೋಡಿ. ಮಿಕ್ಸರಿನ ಫೇಡರ್, ಅಂದರೆ ಸದ್ದು ಏರಿಸಿ ಇಳಿಸೋ ಜಾರುಗುಂಡಿ, ಅದನ್ನು ಏರಿಸುತ್ತೇನೆ.

ಗುಂಯ್ಯ್ಯ್...

ಇವರನ್ನು ನಿಮಗೆ ಪರಿಚಯ ಮಾಡಿಕೊಡೋದು ಬೇಕಿಲ್ಲ ಅಲ್ವಾ? ಗಣಪತಿ ಪೆಂಡಾಲಿಗೂ ಬರುತ್ತಾರೆ, ದುಗ್ಗಮ್ಮನ ಜಾತ್ರೆಗೂ ಬರುತ್ತಾರೆ, ಮದುವೆ ಛತ್ರಕ್ಕಂತೂ ಕರೆಯದೆ ಬರುತ್ತಾರೆ. ನಾವು ಹಮ್ಮಿಂಗ್ ಅಂತೀವಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಆಕಡೆ ಈಕಡೆ ಓಲಾಡುತ್ತದೆ. ಆ 50, ಅದರ ದುಪ್ಪಟ್ಟು 100, ಮತ್ತೆ 150, ಹೀಗೆ ಎಲ್ಲ ಒಟ್ಟಿಗೆ ಸ್ಪೀಕರಿನಲ್ಲಿ ಕೂತು ಶ್ರುತಿ ಹಿಡಿಯುತ್ತವೆ. ಗಾಯಕರು ಶ್ರುತಿ ಕೇಳಿದರೆ ಇದನ್ನೇ ಕೊಡಬಹುದು, ಅಷ್ಟು ನಿಷ್ಠೆ.

ಈಗ ಕೇಬಲ್ ಮಧ್ಯೆ ಈ ಡಬ್ಬಿ ಇಡುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಂಗಿ ಜೇಬಿಗೆ ಹೋಗುತ್ತದೆ, ಆದರೆ ಜೇಬು ಜಗ್ಗುತ್ತದೆ. ಆ ಜಗ್ಗುವ ಮಾತಿಗೆ ಆಮೇಲೆ ಬರುತ್ತೇನೆ. ಬ್ಯಾಟರಿ ಇಲ್ಲ, ಅಡಾಪ್ಟರ್ ಇಲ್ಲ, ಲೈಟೂ ಇಲ್ಲ. ಪಕ್ಕದಲ್ಲಿ ಒಂದು ಸ್ವಿಚ್ ಇದೆ. ಫೇಡರ್ ಇಳಿಸಿ, ಸ್ವಿಚ್ ಒತ್ತಿ, ಮತ್ತೆ ಏರಿಸುತ್ತೇನೆ.

ಏನೂ ಇಲ್ಲ. ಫ್ಯಾನ್ ಸದ್ದು ಕೇಳಿಸ್ತಿದೆ ನೋಡಿ, ಅಷ್ಟು ಸುಮ್ಮನಾಯಿತು.

ಇದು ಪ್ಯಾಸಿವ್ ಡಿಐ ಬಾಕ್ಸ್, ಅಂದರೆ ಕರೆಂಟಿಲ್ಲದೇ ಕೆಲಸ ಮಾಡೋ ಡಿಐ. ಇಂಥದ್ದನ್ನು ಕೊಳ್ಳುವಾಗ ಏನು ನೋಡಬೇಕು ಅನ್ನೋದೇ ಇವತ್ತಿನ ಮಾತು. ಮೊದಲೇ ಒಂದು ಹೇಳಿಬಿಡುತ್ತೇನೆ. ಎಲ್ಲರೂ ನನ್ನ ಹತ್ತಿರ ಬಂದು "ಅಣ್ಣಾ, ಯಾವ ಕಂಪನಿ ಡಿಐ ಒಳ್ಳೇದು?" ಅಂತಲೇ ಶುರು ಮಾಡುತ್ತಾರೆ. ನಾನು ತಿರುಗಿ ಕೇಳೋದು, "ಅದಕ್ಕೆ ಏನು ಸಿಕ್ಕಿಸ್ತೀಯಪ್ಪಾ?" ಅಂತ. ಅದು ಗೊತ್ತಾದರೆ ಅರ್ಧ ಕೆಲಸ ಮುಗೀತು. ಉಳಿದರ್ಧ ಡಬ್ಬಿಯ ಒಳಗಿನ ಟ್ರಾನ್ಸ್‌ಫಾರ್ಮರ್. ಮಿಕ್ಕಿದ್ದೆಲ್ಲ ಬಣ್ಣ.

ಒಳಗೆ ಏನಿದೆ ಅಂತ ನೋಡೋಣ. ಇದು ಕೆಟ್ಟುಹೋದ ಡಬ್ಬಿ, ಮುಚ್ಚಳ ಬಿಚ್ಚಿ ತಂದಿದ್ದೇನೆ. ಒಂದು ಕಡೆ ಪಿ-38 ಜ್ಯಾಕಿನ ತೂತು, ಗಿಟಾರಿಗೆ ಕೀಬೋರ್ಡಿಗೆ ಹಾಕೋ ಮಾಮೂಲಿ ದಪ್ಪ ಜ್ಯಾಕು. ಇನ್ನೊಂದು ಕಡೆ ಮೈಕ್ ಕೇಬಲ್ ಸಿಕ್ಕಿಸೋ ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್. ಅದರಲ್ಲಿ ಎರಡು ತಂತಿ ಸುರುಳಿಗಳು. ಒಂದಕ್ಕೊಂದು ಅಂಟಿಕೊಂಡೇ ಇವೆ, ಆದರೆ ತಂತಿಗೆ ತಂತಿ ಎಲ್ಲೂ ತಾಗಿಲ್ಲ. ಹಾಡು ಈ ಸುರುಳಿಯಿಂದ ಆ ಸುರುಳಿಗೆ ಅಯಸ್ಕಾಂತದ ದಾರಿಯಲ್ಲಿ ದಾಟುತ್ತದೆ. ಅರ್ಥಿಂಗ್ ಜಗಳ ಮಾತ್ರ ದಾಟೋದಿಲ್ಲ. ಅದಕ್ಕೆ ದಾಟಲು ತಂತಿಯೇ ಬೇಕು.

ಯಾವ ಜಗಳ ಅಂತೀರಾ? ಕೀಬೋರ್ಡಿನವನ ಆಂಪ್ಲಿಫೈಯರ್ ಸ್ಟೇಜ್ ಮೇಲಿನ ಪ್ಲಗ್ಗಿಗೆ ಹೋಗಿದೆ. ಮಿಕ್ಸರ್ ಎದುರಿಗೆ ನೂರಡಿ ದೂರದಲ್ಲಿದೆ, ಬೇರೆ ಪ್ಲಗ್ಗು, ಎಷ್ಟೋ ಸಲ ಬೇರೆ ಜನರೇಟರು. ಎರಡು ಕಡೆಯ ಅರ್ಥು ಒಂದೇ ಅಂತ ನಾವು ಅಂದುಕೊಂಡಿರುತ್ತೇವೆ. ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದರೂ ಸಾಕು, ಅದು ನಮ್ಮ ಕೇಬಲಿನ ಜಾಲರಿ ಹಿಡಿದು ಹರಿಯುತ್ತದೆ. ನಮ್ಮ ಪೆಂಡಾಲುಗಳಲ್ಲಿ ಮೂರು ಪಿನ್ ಪ್ಲಗ್ಗೇ ಇರೋದಿಲ್ಲ, ವೈರಿನ ತುದಿ ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ನಗಬೇಡಿ, ಇಲ್ಲಿ ಕೂತಿರೋರೇ ಸಿಕ್ಕಿಸಿದ್ದೀರಿ. ನಾನೂ ಸಿಕ್ಕಿಸಿದ್ದೇನೆ.

ಡಬ್ಬಿಯ ಎರಡನೇ ಕೆಲಸ, ಒಂದೇ ತಂತಿಯಲ್ಲಿ ಬಂದ ಸಿಗ್ನಲ್ಲನ್ನು ಎರಡು ತಂತಿಗೆ ಹಂಚೋದು. ಬ್ಯಾಲೆನ್ಸ್ಡ್ ಅಂತಾರಲ್ಲ, ಅದು. ಎಪಿಎಂಸಿಯಲ್ಲಿ ಹಳೇ ತಕ್ಕಡಿ ನೋಡಿದ್ದೀರಲ್ಲ? ಎರಡೂ ತಟ್ಟೆಗೆ ಒಂದೇ ಸಲ ಅಷ್ಟಷ್ಟೇ ಧೂಳು ಬಿದ್ದರೆ ಮುಳ್ಳು ಅಲ್ಲಾಡೋದಿಲ್ಲ. ಮೆಕ್ಕೆಜೋಳ ಒಂದು ಕಡೆ ಹಾಕಿದರೆ ಮಾತ್ರ ವಾಲುತ್ತದೆ. ಕೇಬಲಿನ ಪಿನ್ 2 ಮತ್ತು ಪಿನ್ 3 ಆ ಎರಡು ತಟ್ಟೆಗಳು. ಹಾಡು ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ದಾರಿಯಲ್ಲಿ ಅಂಟಿಕೊಂಡ ಲೈಟಿನ, ಡಿಮ್ಮರಿನ ಗಲಾಟೆ ಎರಡರ ಮೇಲೂ ಒಂದೇ ಥರ ಬೀಳುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ಓದುತ್ತದೆ, ಗಲಾಟೆ ಉದುರಿಹೋಗುತ್ತದೆ. ಹಾಗಾಗಿ ಕೇಬಲನ್ನು ನೂರಡಿ, ಇನ್ನೂರಡಿ ಎಳೆದರೂ ನಡೆಯುತ್ತದೆ. ಪಿ-38 ಹಾಕಿದ ಸಾದಾ ಕೇಬಲನ್ನು ಅಷ್ಟು ದೂರ ಎಳೆದರೆ ಆಂಟೆನಾ ಕಟ್ಟಿದಂಗೆ.

ಇದರ ಜೊತೆಗೆ ಸಿಗ್ನಲ್ ಕಮ್ಮಿಯೂ ಆಗುತ್ತದೆ. ಈ ಜಾತಿಯ ಒಳ್ಳೆ ಟ್ರಾನ್ಸ್‌ಫಾರ್ಮರುಗಳಲ್ಲಿ ಸುತ್ತಿನ ಲೆಕ್ಕ ಸುಮಾರು 12ಕ್ಕೆ 1. ಅಂದರೆ 1.2 ವೋಲ್ಟ್ ಒಳಗೆ ಹೋದರೆ 0.1 ವೋಲ್ಟ್ ಹೊರಗೆ ಬರುತ್ತದೆ, ಡೆಸಿಬಲ್‌ನಲ್ಲಿ 20ರ ಮೇಲೆ ಇಳಿತ. ಕೀಬೋರ್ಡಿಗೆ ಇದು ಒಳ್ಳೇದೇ. ಮೈಕ್ ಇನ್‌ಪುಟ್ಟಿಗೆ ಅದು ಹದವಾದ ಮಟ್ಟ.

ಈಗ ಮುಖ್ಯ ಮಾತು. ಇದೇ 12 ನಮಗೆ ಒಂದು ತೊಂದರೆಯನ್ನೂ ತರುತ್ತದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಮಿಕ್ಸರಿನ ಮೈಕ್ ಇನ್‌ಪುಟ್ ಇದೆ, ಅದರ ತಡೆ, ಅಂದರೆ ಇಂಪೀಡೆನ್ಸ್, ಸಾವಿರದಿಂದ ಎರಡು ಸಾವಿರ ಓಮ್. ಈಚೆ ಬದಿಯಿಂದ ನೋಡಿದರೆ ಅದು 12 ಗುಣಿಲೆ 12, ಅಂದರೆ 144 ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಾವಿರ ಓಮ್ 144 ಕಿಲೋ ಓಮ್ ಆಯಿತು. ರೇಡಿಯಲ್ ಕಂಪನಿಯ ಜೆಡಿಐ ಅಂತ ಒಂದು ಹೆಸರಾದ ಪ್ಯಾಸಿವ್ ಬಾಕ್ಸ್ ಇದೆ, ಒಳಗೆ ಜೆನ್ಸನ್ ಟ್ರಾನ್ಸ್‌ಫಾರ್ಮರ್. ಅದರ ವಿವರಪಟ್ಟಿಯಲ್ಲೂ 140 ಕಿಲೋ ಓಮ್ ಅಂತಲೇ ಬರೆದಿರುತ್ತಾರೆ. ಎಷ್ಟೇ ದುಡ್ಡು ಕೊಡಿ, ಪ್ಯಾಸಿವ್ ಡಬ್ಬಿಗಳು ಹೆಚ್ಚುಕಮ್ಮಿ ಈ ಆಸುಪಾಸಿನಲ್ಲೇ ನಿಲ್ಲುತ್ತವೆ.

140 ಕಿಲೋ ಓಮ್ ಅನ್ನೋದು ವಾದ್ಯದ ಹೆಗಲಿಗೆ ಇಡುವ ನೊಗ ಅಂದುಕೊಳ್ಳಿ. ಸಂಖ್ಯೆ ಚಿಕ್ಕದಾದಷ್ಟೂ ನೊಗ ಭಾರ. ಕೀಬೋರ್ಡು, ರಿದಮ್ ಪ್ಯಾಡು, ಗಿಟಾರ್ ಪ್ರೊಸೆಸರ್, ಲ್ಯಾಪ್‌ಟಾಪು, ಇವೆಲ್ಲ ಬಲಿತ ಎತ್ತುಗಳು. ಒಳಗೆ ಅವುಗಳದ್ದೇ ಕರೆಂಟು ಇದೆ. 140 ಕಿಲೋ ಓಮ್ ಅವಕ್ಕೆ ಗೊತ್ತೇ ಆಗೋದಿಲ್ಲ. ಆದರೆ ಬರೀ ಪೀಜೋ ಪಿಕಪ್ ಇದೆಯಲ್ಲ, ಬ್ಯಾಟರಿ ಇಲ್ಲದ್ದು, ವಾದ್ಯದ ಅದುರುವಿಕೆಯನ್ನು ಸಿಗ್ನಲ್ ಮಾಡೋ ತುಣುಕು, ವಯಲಿನ್ನಿಗೋ ಮ್ಯಾಂಡೊಲಿನ್ನಿಗೋ ಅಕೂಸ್ಟಿಕ್ ಗಿಟಾರಿನ ಬ್ರಿಡ್ಜಿನ ಕೆಳಗೋ ಕೂರಿಸ್ತಾರಲ್ಲ, ಅದು ಇನ್ನೂ ಕರು. ಅದರ ಹೆಗಲಿಗೆ ಈ ನೊಗ ಇಟ್ಟರೆ ಮೊದಲು ಸಾಯೋದು ಕೆಳಗಿನ ಸ್ವರ.

ಸುಮ್ನೆ ಹೇಳ್ತಿಲ್ಲ, ಲೆಕ್ಕ ಹಾಕೋಣ. 1 ನ್ಯಾನೋಫ್ಯಾರಡ್ ಕೆಪಾಸಿಟನ್ಸ್ ಇರುವ ಪೀಜೋ ಒಂದನ್ನು ತಗೊಳ್ಳಿ. ಅದನ್ನು 140 ಕಿಲೋ ಓಮ್‌ಗೆ ಕಟ್ಟಿದರೆ ಸುಮಾರು 1,100 ಹರ್ಟ್ಸ್‌ನಿಂದ ಕೆಳಗೆ ಸದ್ದು ಕರಗಲು ಶುರುವಾಗುತ್ತದೆ. ಸಾವಿರದ ನೂರು! ವಯಲಿನ್ನಿನ ಕೆಳಗಿನ ತಂತಿಗಳ ಮೈಯೆಲ್ಲ ಅದರ ಕೆಳಗೇ ಇದೆ. ಉಳಿಯೋದು ಕೀರಲು ಮಾತ್ರ. ಅದೇ ಪೀಜೋವನ್ನು 1 ಮೆಗಾ ಓಮ್‌ಗೆ ಕಟ್ಟಿ, ಆ ಗಡಿ 160 ಹರ್ಟ್ಸ್‌ಗೆ ಇಳಿಯುತ್ತದೆ. 10 ಮೆಗಾ ಓಮ್ ಆದರೆ 16 ಹರ್ಟ್ಸ್, ಕಿವಿಗೆ ಕೇಳಿಸದ ಜಾಗ. ಒಂದು ಮೆಗಾ, ಹತ್ತು ಮೆಗಾ ಓಮ್ ಸಿಗೋದು ಆಕ್ಟಿವ್ ಡಿಐಗಳಲ್ಲಿ. ಅವಕ್ಕೆ ಬ್ಯಾಟರಿ ಬೇಕು, ಇಲ್ಲ ಮಿಕ್ಸರಿನಿಂದ ಮೈಕ್ ಕೇಬಲಿನಲ್ಲೇ ಬರುವ 48 ವೋಲ್ಟ್ ಕರೆಂಟು ಬೇಕು, ಅದಕ್ಕೆ ಫ್ಯಾಂಟಮ್ ಅಂತಾರೆ.

ಒಬ್ಬರು ವಯಲಿನ್ ಮೇಡಂ ನನ್ನ ಹತ್ತಿರ ಬಂದಿದ್ದರು. "ಪಿಕಪ್ ಸರಿ ಇಲ್ಲ ಕಣ್ರೀ, ತಗಡು ಬಡಿದಂಗೆ ಕೇಳುತ್ತೆ" ಅಂದರು. ಪಿಕಪ್ ಚೆನ್ನಾಗಿಯೇ ಇತ್ತು. ಯಾರೋ ಅವರಿಗೆ ಪ್ಯಾಸಿವ್ ಡಬ್ಬಿ ಮಾರಿದ್ದರು. ಡಬ್ಬಿಯೂ ಚೆನ್ನಾಗಿತ್ತು! ಜೋಡಿ ಸರಿ ಇರಲಿಲ್ಲ. ಮಧ್ಯೆ ಸಿಗ್ನಲ್ಲಿಗೆ ಬಲ ಕೊಡುವ ಒಂದು ಸಣ್ಣ ಪ್ರೀಆಂಪ್ ಹಾಕಿದ ಮೇಲೆ ಅದೇ ಪಿಕಪ್ಪು, ಅದೇ ಡಬ್ಬಿ, ವಯಲಿನ್ ಮೈತುಂಬಿಕೊಂಡು ಬಂತು.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಅಣ್ಣಾ, ನನ್ನ ಅಕೂಸ್ಟಿಕ್ ಗಿಟಾರಲ್ಲೂ ಪೀಜೋನೇ ಇರೋದು. ಹಂಗಾದ್ರೆ ನಂಗೆ ಪ್ಯಾಸಿವ್ ಆಗಲ್ವಾ?"

ನಿನ್ನ ಗಿಟಾರಿನ ಪಕ್ಕದಲ್ಲಿ ಬೇಸ್, ಟ್ರೆಬಲ್ ತಿರುಗಿಸೋ ಗುಂಡಿಗಳಿವೆಯಾ? ಇವೆ ಅಂದ. 9 ವೋಲ್ಟ್ ಬ್ಯಾಟರಿ ಹಾಕೋ ಜಾಗ? ಇದೆ ಅಂದ. ಹಾಗಾದರೆ ಕರು ಬೆಳೆದಿದೆ, ಚಿಂತೆ ಇಲ್ಲ. ಆ ಪ್ರೀಆಂಪೇ ಪೀಜೋವನ್ನು ಸಾಕುತ್ತಿದೆ. ಹೊರಗೆ ಬರೋದು ಬಲವಾದ ಸಿಗ್ನಲ್. ಪ್ಯಾಸಿವ್ ಡಬ್ಬಿ ಧಾರಾಳವಾಗಿ ಹಾಕು. ಬ್ಯಾಟರಿ ಮಾತ್ರ ಕಾರ್ಯಕ್ರಮದ ದಿನ ಹೊಸದು ಹಾಕು, ಅಷ್ಟೇ.

ಬೇಸ್ ಗಿಟಾರ್ ಬ್ಯಾಟರಿ ಇಲ್ಲದ್ದಾದರೆ? ಅದು ಮಧ್ಯದ ಜಾತಿ. 140 ಕಿಲೋ ಓಮ್‌ನಲ್ಲಿ ಮೇಲಿನ ಚುರುಕು ಸ್ವಲ್ಪ ಮೆತ್ತಗಾಗುತ್ತದೆ. ನನಗೆ ಆ ಮೆದು ಇಷ್ಟ. ಎಷ್ಟೋ ಬೇಸ್ ನುಡಿಸೋರಿಗೂ ಇಷ್ಟ. ಎಲೆಕ್ಟ್ರಿಕ್ ಗಿಟಾರನ್ನು ಮಾತ್ರ ನೇರ ಸಿಕ್ಕಿಸಬೇಡಿ, ಪ್ರೊಸೆಸರ್ ದಾಟಿಸಿ ಕೊಡಿ. ಮತ್ತೆ ಆಂಪ್ಲಿಫೈಯರಿನ ಸ್ಪೀಕರ್ ಔಟ್‌ಪುಟ್ಟನ್ನು ಯಾವತ್ತೂ ಮಾಮೂಲಿ ಡಿಐಗೆ ಕೊಡಬೇಡಿ. ಅದಕ್ಕೆಂದೇ ಮಾಡಿದ ಬಾಕ್ಸುಗಳಿವೆ. ಹಾರ್ಮೋನಿಯಂ, ತಬಲಾ ಮೈಕಿನ ಪಾಲು, ಡಿಐ ಮಾತೇ ಇಲ್ಲ.

ಈಗ ಜೇಬು ಜಗ್ಗುವ ವಿಷಯ.

ಕೆಲವು ವರ್ಷದ ಹಿಂದೆ ನಾನು ಒಂದು ಪುಟಾಣಿ ಡಿಐ ತಂದೆ. ಹೆಬ್ಬೆರಳು ದಪ್ಪ, ಹಗುರ, ಚೆಂದ. ಅಗ್ಗ ಬೇರೆ. ಮನೆಯಲ್ಲಿ ಕೀಬೋರ್ಡಿಗೆ ಹಾಕಿ ಕೊಳಲಿನ ಸದ್ದು ನುಡಿಸಿ ನೋಡಿದೆ, ಸೊಗಸಾಗಿತ್ತು. ಒಂದು ಹಳ್ಳಿ ನಾಟಕಕ್ಕೆ ತಗೊಂಡು ಹೋದೆ. ಈಗಿನ ಹಳ್ಳಿ ನಾಟಕ ಗೊತ್ತಲ್ಲ, ಹಾರ್ಮೋನಿಯಂ ಮಾಸ್ತರರ ಪಕ್ಕದಲ್ಲೇ ಕೀಬೋರ್ಡು, ಅದರ ಪಕ್ಕ ರಿದಮ್ ಪ್ಯಾಡು. ಖಳನಾಯಕ ಬರುವ ಸೀನು. ಪ್ಯಾಡಿನ ಹುಡುಗ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಸದ್ದು, ಹೊಡೆದ. "ಧಂ" ಅನ್ನಬೇಕಾದ್ದು "ಪರ್ರ್" ಅಂತು. ಜನ ನಕ್ಕರು. ಖಳನಾಯಕನ ಪಾತ್ರದವರು ಊರ ಹಿರಿಯರು, ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಆಗಿದ್ದೇನು ಅಂದರೆ, ಟ್ರಾನ್ಸ್‌ಫಾರ್ಮರಿನ ನಡುವಿನ ಲೋಹದ ತಿರುಳು ಇಷ್ಟೇ ಅಯಸ್ಕಾಂತ ಹಿಡಿಯಬಲ್ಲೆ ಅಂತ ಒಂದು ಮಿತಿ ಇಟ್ಟುಕೊಂಡಿರುತ್ತದೆ. ಅದು ತುಂಬಿತು ಅಂದರೆ ಮೇಲೆ ಬಂದ ಸಿಗ್ನಲ್ ತಿರುಚಿಕೊಳ್ಳುತ್ತದೆ. ತುಂಬೋದು ಬರೀ ಜೋರಿನಿಂದ ಅಲ್ಲ. ಸ್ವರ ಕೆಳಗಿಳಿದಷ್ಟೂ ಬೇಗ ತುಂಬುತ್ತದೆ. 80 ಹರ್ಟ್ಸ್‌ನಲ್ಲಿ 4 ವೋಲ್ಟ್ ತಡೆಯುವ ತಿರುಳು 40 ಹರ್ಟ್ಸ್‌ನಲ್ಲಿ 2 ವೋಲ್ಟಿಗೇ ಕೈ ಎತ್ತುತ್ತದೆ. ಕೊಳಲಿನ ಸದ್ದಿಗೆ ಆ ಪುಟಾಣಿ ಸಾಕು. ಕಿಕ್ಕಿಗೆ, 41 ಹರ್ಟ್ಸ್‌ಗೆ ಇಳಿಯುವ ಬೇಸ್ ಗಿಟಾರಿನ ದಪ್ಪ ತಂತಿಗೆ ಸಾಲದು.

ಹಾಗಾಗಿ ಡಬ್ಬಿ ಎಷ್ಟು ಚಿಕ್ಕದಾದರೂ ಆಗಲಿ, ತಿರುಳು ಚಿಕ್ಕದಾಗಬಾರದು. ಹೊರಗಿಂದ ಅದು ಕಾಣೋದಿಲ್ಲ, ಕೈಯಲ್ಲಿ ತೂಗಿದರೆ ಸ್ವಲ್ಪ ಅಂದಾಜು ಸಿಗುತ್ತದೆ. ಬರೀ ತೂಕ ನಂಬಿಯೂ ಮೋಸ ಹೋಗಬಹುದು, ದಪ್ಪ ಉಕ್ಕಿನ ಹೊದಿಕೆ ಹಾಕಿ ಒಳಗೆ ಕಡಲೆಬೀಜದಷ್ಟು ಟ್ರಾನ್ಸ್‌ಫಾರ್ಮರ್ ಇಟ್ಟದ್ದನ್ನೂ ನೋಡಿದ್ದೇನೆ. ಅಂಗಡಿಯಲ್ಲಿ ಬಿಚ್ಚಿ ನೋಡೋಕೆ ಬಿಡ್ತಾರಾ? ಬಿಡಲ್ಲ. ಅದಕ್ಕೇ ನಿಮ್ಮ ವಾದ್ಯವನ್ನೇ ಹೊತ್ತುಕೊಂಡು ಹೋಗಿ. ಕೀಬೋರ್ಡಿನಲ್ಲಿ ಎಡಗಡೆ ಕೊನೆಯ ಮನೆಗಳಲ್ಲಿ ಬೇಸ್ ಸದ್ದು ಹಿಡಿದು ವಾಲ್ಯೂಮ್ ಪೂರ್ತಿ ಕೊಡಿ. ಮಿಕ್ಸರಿನ ಗೇನ್ ಕಮ್ಮಿ ಇರಲಿ, ಇಲ್ಲದಿದ್ದರೆ ಮಿಕ್ಸರಿನಲ್ಲಿ ಸದ್ದು ಒಡೆದದ್ದಕ್ಕೆ ಡಬ್ಬಿ ಬೈಗುಳ ತಿನ್ನುತ್ತದೆ. ಒಳ್ಳೆ ಟ್ರಾನ್ಸ್‌ಫಾರ್ಮರ್ ಮಿತಿ ಮೀರಿದರೂ ಮೆಲ್ಲಗೆ ಮುದುಡುತ್ತದೆ, ಕಿವಿಗೆ ಚುಚ್ಚೋದಿಲ್ಲ. ಕಳಪೆಯದ್ದು ಪರ್ರ್ ಅನ್ನುತ್ತದೆ.

ತುಂಬುವುದನ್ನು ತಪ್ಪಿಸೋಕೆ ಡಬ್ಬಿಯಲ್ಲಿ ಇನ್ನೊಂದು ಸ್ವಿಚ್ ಇರುತ್ತದೆ, ಪ್ಯಾಡ್ ಅಂತ. ರಿದಮ್ ಪ್ಯಾಡಿನವರು ನಮ್ಮದೇ ಸ್ವಿಚ್ ಅಂದುಕೊಳ್ಳಬೇಡಿ, ಈ ಪ್ಯಾಡ್ ಬೇರೆ. ಟ್ರಾನ್ಸ್‌ಫಾರ್ಮರಿಗೆ ಹೋಗುವ ಮೊದಲೇ ಸಿಗ್ನಲ್ಲನ್ನು 15 ಇಲ್ಲವೇ 20 ಡೆಸಿಬಲ್ ಇಳಿಸುತ್ತದೆ. 20 ಅಂದರೆ ಹತ್ತನೇ ಒಂದು ಭಾಗ. ಕೀಬೋರ್ಡು, ರಿದಮ್ ಪ್ಯಾಡು ನುಡಿಸುವವರು ಈ ಸ್ವಿಚ್ ಇಲ್ಲದ ಡಬ್ಬಿ ಕೊಳ್ಳಬೇಡಿ ಅಂತ ನನ್ನ ಮಾತು. ಗಿಟಾರಿನವರಿಗೆ ಇದ್ದರೂ ಸೈ, ಇಲ್ಲದಿದ್ದರೂ ಸೈ.

ಚಿಕ್ಕ ಡಬ್ಬಿಗೆ ಇನ್ನೊಂದು ಕಾಯಿಲೆ. ಒಳಗಿನ ಟ್ರಾನ್ಸ್‌ಫಾರ್ಮರಿಗೆ ಸರಿಯಾದ ಕವಚ ಇಲ್ಲದಿದ್ದರೆ ಪಕ್ಕದ ಪವರ್ ಆಂಪ್ಲಿಫೈಯರಿನ ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ಹಮ್ಮಿಂಗನ್ನು ಗಾಳಿಯಲ್ಲೇ ಎಳೆದುಕೊಳ್ಳುತ್ತದೆ. ಹಮ್ಮಿಂಗ್ ಕಳೆಯೋಕೆ ತಂದದ್ದೇ ಹಮ್ಮಿಂಗ್ ತಂದಿತು! ಪರೀಕ್ಷೆ ಸುಲಭ. ಡಬ್ಬಿಯನ್ನು ಆಂಪ್ಲಿಫೈಯರಿನ ಹತ್ತಿರ ಹಿಡಿದು ಕೈಯಲ್ಲೇ ಮೆಲ್ಲಗೆ ತಿರುಗಿಸಿ. ತಿರುಗಿಸಿದಂತೆ ಗುಂಯ್ ಜಾಸ್ತಿ ಕಮ್ಮಿ ಆದರೆ ಕವಚ ಇಲ್ಲ ಅಂತ ಅರ್ಥ. ಅಂಥದ್ದು ಮನೆಯಲ್ಲೇ ಇದ್ದರೆ ಎಸೆಯಬೇಡಿ, ಆಂಪ್ಲಿಫೈಯರಿನಿಂದ ಎರಡು ಮಾರು ದೂರ ಇಟ್ಟುಕೊಂಡು ಬಳಸಿ.

ಗ್ರೌಂಡ್ ಲಿಫ್ಟ್ ಸ್ವಿಚ್ಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ತಪ್ಪು ತಿಳಿದವರೇ ಜಾಸ್ತಿ. ಮೊದಲು ನಾನು ಒತ್ತಿದ್ದು ಇದನ್ನೇ. ಆಗ ಕೀಬೋರ್ಡ್ ಕಡೆಯ ಅರ್ಥೂ ಮಿಕ್ಸರಿಗೆ ಹೋಗುವ ಪಿನ್ 1ರ ಅರ್ಥೂ ಬೇರೆ ಬೇರೆಯಾದವು. ಜಗಳ ನಿಂತಿತು. ಇಲ್ಲಿ ಕೀಬೋರ್ಡು ಮೂರು ಪಿನ್ನಿನ ಆಂಪ್ಲಿಫೈಯರಿಗೂ ಹೋಗಿದೆ, ಅದಕ್ಕೆ ಲಿಫ್ಟ್ ಕೆಲಸ ಮಾಡಿತು. ಆದರೆ ಕೀಬೋರ್ಡ್ ಒಂದೇ ಇದ್ದು, ಎರಡು ಪಿನ್ನಿನ ಅಡಾಪ್ಟರಿನಲ್ಲಿ ಓಡುತ್ತಿದ್ದರೆ? ಅದಕ್ಕೆ ತನ್ನದೇ ಅರ್ಥ್ ಇಲ್ಲ. ಅಡಾಪ್ಟರಿನಿಂದ ಸೋರುವ ಅಷ್ಟಿಷ್ಟು ಕರೆಂಟಿಗೆ ಹೋಗಲು ದಾರಿ ಪಿನ್ 1 ಒಂದೇ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದರೆ ಬೆರಳು ಜುಂ ಅನ್ನುತ್ತಲ್ಲ, ಅದೇ ಸೋರಿಕೆ. ಅಲ್ಲಿ ಲಿಫ್ಟ್ ಒತ್ತಿದರೆ ಗುಂಯ್ ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ "ಲಿಫ್ಟ್ ಯಾವಾಗಲೂ ಒತ್ತಿರಬೇಕು" ಅನ್ನೋ ನಿಯಮ ಇಲ್ಲ. ಚಾನೆಲ್ ಮ್ಯೂಟ್ ಮಾಡಿ ಸ್ವಿಚ್ ಒತ್ತಿ, ಮ್ಯೂಟ್ ತೆಗೆದು ಕೇಳಿ. ಹಾಗೇ ಸ್ವಿಚ್ ಬಿಟ್ಟೂ ಕೇಳಿ. ಯಾವುದರಲ್ಲಿ ಕಮ್ಮಿಯೋ ಅಲ್ಲಿಗೆ ಬಿಡಿ.

ಸ್ಟೇಜ್ ಕಬ್ಬಿಣದ್ದಾದರೆ ಡಬ್ಬಿಯ ಕೆಳಗೆ ಒಂದು ರಟ್ಟು ಇಡಿ. ಕೆಲವು ಡಬ್ಬಿಗಳ ಲೋಹದ ಮೈ ಒಂದು ಕಡೆಯ ಅರ್ಥಿಗೆ ಸೇರಿರುತ್ತದೆ. ಎರಡು ಡಬ್ಬಿ ಒಂದಕ್ಕೊಂದು ತಾಗಿದರೆ, ಇಲ್ಲವೇ ಕಬ್ಬಿಣಕ್ಕೆ ತಾಗಿದರೆ, ನೀವು ಬಿಡಿಸಿದ ಜಗಳ ಹಿಂದಿನ ಬಾಗಿಲಿಂದ ಒಳಗೆ ಬಂದಂತೆ.

ಇನ್ನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಈ ಡಬ್ಬಿಗಳ ಬಗ್ಗೆ ಏನೂ ಗೊತ್ತಿಲ್ಲದ ಕಾಲದಲ್ಲಿ ಹಮ್ಮಿಂಗ್‌ಗೆ ನನ್ನ ಮದ್ದು ಒಂದೇ ಇತ್ತು. ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಇದೆಯಲ್ಲ, ಅರ್ಥಿಂದು, ಅದನ್ನು ಇಕ್ಕಳದಲ್ಲಿ ಮುರಿಯೋದು. ಹಮ್ಮಿಂಗ್ ಹೋಗುತ್ತಿತ್ತು, ನಾನು ದೊಡ್ಡ ಮೆಕ್ಯಾನಿಕ್ ಆಗುತ್ತಿದ್ದೆ. ಒಂದು ರಾತ್ರಿ ಹಾಗೇ ಮುರಿದ ಆಂಪ್ಲಿಫೈಯರಿಗೆ ಗಿಟಾರ್ ಕಟ್ಟಿತ್ತು. ಗಿಟಾರ್ ಹುಡುಗ ತಂತಿ ಹಿಡಿದುಕೊಂಡೇ ಕೋರಸ್ ಹಾಡೋಕೆ ಮೈಕಿಗೆ ಬಾಯಿ ಕೊಟ್ಟ. ಚುರ್ ಅಂದಿದ್ದು ನನಗೂ ಕೇಳಿಸಿತು. ತುಟಿ ಸುಟ್ಟುಕೊಂಡು ಹಿಂದಕ್ಕೆ ಬಿದ್ದ. ಪುಣ್ಯಕ್ಕೆ ಎದ್ದು ಕೂತ. ಮಳೆ ಬಂದು ಸ್ಟೇಜ್ ನೆನೆದಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ಮುರಿದ ಪಿನ್ನಿನ ಪ್ಲಗ್ಗು ಎಲ್ಲಿ ಕಂಡರೂ ಬಿಚ್ಚಿ ಹೊಸದು ಹಾಕಿಯೇ ಮುಂದಿನ ಕೆಲಸ. ಅರ್ಥ್ ಬಿಡಿಸೋದಿದ್ದರೆ ಸಿಗ್ನಲ್ ಕೇಬಲಿನಲ್ಲಿ, ಈ ಡಬ್ಬಿಯ ಸ್ವಿಚ್ಚಿನಲ್ಲಿ ಬಿಡಿಸಿ. ಕರೆಂಟಿನ ಪ್ಲಗ್ಗಿನಲ್ಲಿ ಬೇಡ.

ಮುಂದಿನ ಸಾಲಿನಿಂದ ಮೈಕ್ ಸೆಟ್‌ನ ಹಿರಿಯರೊಬ್ಬರು ಕೇಳಿದರು. "ನಾವು ಪಿ-38ನ ಒಂದು ತುದಿ ಕತ್ತರಿಸಿ ಎಕ್ಸ್‌ಎಲ್‌ಆರ್ ಬೆಸುಗೆ ಹಾಕಿ ಸೀದಾ ಮಿಕ್ಸರಿಗೆ ಹೋಗೋ ಮಲ್ಟಿಕೋರ್ ಕೇಬಲಿಗೆ ಕೊಡ್ತೀವಿ. ಇಷ್ಟು ವರ್ಷ ನಡೆದಿದೆಯಲ್ಲ ಸ್ವಾಮಿ?"

ನಡೆದಿದೆ, ಹೌದು ಯಜಮಾನ್ರೇ. ಮಿಕ್ಸರಿನಲ್ಲಿ ಫ್ಯಾಂಟಮ್ ಹಾಕದೇ ಇದ್ದದ್ದಕ್ಕೆ ನಡೆದಿದೆ. ಚಿಕ್ಕ ಮಿಕ್ಸರುಗಳಲ್ಲಿ ಫ್ಯಾಂಟಮ್ ಬಟನ್ ಎಲ್ಲ ಚಾನೆಲಿಗೂ ಸೇರಿ ಒಂದೇ ಇರುತ್ತದೆ. ಯಾರೋ ಫ್ಯಾಂಟಮ್ ಬೇಕಾದ ಕಂಡೆನ್ಸರ್ ಮೈಕ್ ತಂದರು, ನೀವು ಬಟನ್ ಒತ್ತಿದಿರಿ, 48 ವೋಲ್ಟ್ ಆ ಕೇಬಲಿನಲ್ಲಿ ಸೀದಾ ಕೀಬೋರ್ಡಿನ ಔಟ್‌ಪುಟ್ ಬಾಗಿಲು ತಟ್ಟುತ್ತದೆ. ಎಲ್ಲ ಕೀಬೋರ್ಡೂ ಅದನ್ನು ತಡೆದುಕೊಳ್ಳುತ್ತವೆ ಅಂತ ಹೇಳೋಕಾಗಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿಯಲ್ಲಿ ಈ ಭಯ ಇಲ್ಲ. ಪಿನ್ 2ಕ್ಕೂ 3ಕ್ಕೂ ಒಂದೇ 48 ವೋಲ್ಟ್ ಬರುತ್ತದೆ, ನಡುವೆ ವ್ಯತ್ಯಾಸವೇ ಇಲ್ಲದ ಮೇಲೆ ಸುರುಳಿಯಲ್ಲಿ ಏನೂ ಹರಿಯೋದಿಲ್ಲ. ಆಚೆ ಬದಿಗಂತೂ ಡಿಸಿ, ಅಂದರೆ ಓಲಾಡದ ಕರೆಂಟು, ದಾಟೋದೇ ಇಲ್ಲ. ಆದರೆ ಡಬ್ಬಿಯಿಂದ ಮಿಕ್ಸರಿಗೆ ಹೋಗುವ ಕೇಬಲಿನಲ್ಲಿ ಪಿನ್ 3 ಮತ್ತು 1 ಸೇರಿಸಿ ಬೆಸೆದಿದ್ದರೆ ಸುರುಳಿಯಲ್ಲಿ 7 ಮಿಲಿ ಆಂಪ್‌ನಷ್ಟು ಡಿಸಿ ಹರಿದು ತಿರುಳು ಖಾಲಿ ಕೂತಾಗಲೇ ತುಂಬಿಬಿಡುತ್ತದೆ. ಹಾಗಾಗಿ ಡಬ್ಬಿ ತಂದ ದಿನ ಆ ಹಳೇ ಕೇಬಲುಗಳನ್ನು ಬೇರೆ ಚೀಲಕ್ಕೆ ಹಾಕಿಡಿ.

ಎಷ್ಟು ಡಬ್ಬಿ ಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಕೀಬೋರ್ಡಿನ ಹಿಂದೆ ಎಲ್/ಮೋನೋ, ಆರ್ ಅಂತ ಎರಡು ತೂತು ಇದ್ದರೆ ಎರಡು ಬೇಕು ಅಂದುಕೊಳ್ಳುತ್ತೀರಿ. ಹೈಸ್ಕೂಲ್ ಮೈದಾನದಂಥ ಬಯಲಿನಲ್ಲಿ ಸ್ಟೀರಿಯೋ ಕೇಳೋಕೆ ಯಾರು ಮಧ್ಯದಲ್ಲಿ ಕೂತಿರುತ್ತಾರೆ? ಎಲ್/ಮೋನೋಗೆ ಮಾತ್ರ ಜ್ಯಾಕ್ ಹಾಕಿ, ಇನ್ನೊಂದು ಖಾಲಿ ಬಿಡಿ. ಎರಡೂ ಬದಿಯ ಸದ್ದನ್ನು ಕೀಬೋರ್ಡೇ ಒಳಗೆ ಸೇರಿಸಿ ಕೊಡುತ್ತದೆ. ಒಂದು ಡಬ್ಬಿ ದುಡ್ಡು ಉಳೀತು. ಮನೆ ಬಳಕೆಯ ಕೆಲವು ಚಿಕ್ಕ ಕೀಬೋರ್ಡುಗಳಲ್ಲಿ ಹೆಡ್‌ಫೋನ್ ತೂತೇ ಔಟ್‌ಪುಟ್ಟು. ಅದಕ್ಕೆ ಮೋನೋ ಜ್ಯಾಕ್ ತುರುಕಿದರೆ ಬಲಗಡೆ ಶಾರ್ಟ್ ಆಗುತ್ತದೆ. ಅಲ್ಲಿ ಸ್ಟೀರಿಯೋ ಜ್ಯಾಕಿನಿಂದ ಎರಡಾಗಿ ಒಡೆಯುವ ಕೇಬಲ್ ಮತ್ತು ಎರಡು ಇನ್‌ಪುಟ್ಟಿನ ಡಬ್ಬಿ ಬೇಕು.

ಲ್ಯಾಪ್‌ಟಾಪು, ಮೊಬೈಲಿಗೂ ಇದೇ ಮಾತು. ಶಾಲೆ ವಾರ್ಷಿಕೋತ್ಸವಗಳಲ್ಲಿ ಮಕ್ಕಳ ಡ್ಯಾನ್ಸ್ ಹಾಡೆಲ್ಲ ಈಗ ಮೊಬೈಲಿನಿಂದಲೇ. ಚಾರ್ಜರ್ ಸಿಕ್ಕಿಸಿದ ಕೂಡಲೇ ಜೀಂ ಅನ್ನುತ್ತೆ, ಕಿತ್ತರೆ ನಿಲ್ಲುತ್ತೆ, ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತೆ. ಎರಡು ಇನ್‌ಪುಟ್ಟಿನ ಪ್ಯಾಸಿವ್ ಡಬ್ಬಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಆದರೆ ಎಡ, ಬಲ ಎರಡನ್ನೂ ಸುಮ್ನೆ ಬೆಸೆದು ಒಂದು ಮಾಡಬೇಡಿ, ಒಂದು ಔಟ್‌ಪುಟ್ ಇನ್ನೊಂದರ ಜೊತೆ ಗುದ್ದಾಡುತ್ತದೆ. ಸೇರಿಸೋಕೆ ಸ್ವಿಚ್ ಇರುವ ಡಬ್ಬಿಗಳು ಬರುತ್ತವೆ.

ಎಲ್ಲರಿಗೂ ಡಿಐ ಬೇಕು ಅಂತಲೂ ನಾನು ಹೇಳೋದಿಲ್ಲ. ಮನೆಯಲ್ಲಿ ಭಜನೆ, ಮಿಕ್ಸರ್ ನಿಮ್ಮ ಮೊಣಕಾಲ ಪಕ್ಕದಲ್ಲೇ ಇದೆ, ಕೇಬಲ್ ಒಂದು ಮಾರು. ಪಿ-38 ಸೀದಾ ಲೈನ್ ಇನ್‌ಪುಟ್ಟಿಗೆ ಹಾಕಿ, ದುಡ್ಡು ಜೇಬಲ್ಲಿಡಿ. ಬೇರೆ ಊರಿಗೆ ಹೋಗಿ ಬೇರೆಯವರ ಸೌಂಡಿನಲ್ಲಿ ನುಡಿಸುವವರು ನೀವಾದರೆ ಮಾತ್ರ ನಿಮ್ಮದೇ ಒಂದು ಡಬ್ಬಿ ಚೀಲದಲ್ಲಿರಲಿ. ಜಗಳೂರಿಗೆ ಹೋಗಿ, ಚನ್ನಗಿರಿಗೆ ಹೋಗಿ, ಅಲ್ಲಿ ಡಿಐ ಇದೆಯಾ ಅಂತ ಕೇಳುವಂತಿಲ್ಲ. ಕರೆಂಟು ಹೋದರೂ ಬ್ಯಾಟರಿ ಮರೆತರೂ ಪ್ಯಾಸಿವ್ ಡಬ್ಬಿಗೆ ಚಿಂತೆ ಇಲ್ಲ. ಚಿಕ್ಕದೇ ತಗೊಳ್ಳಿ ಅಂತ ನಾನು ಹೇಳೋದು ಅದಕ್ಕೇ. ದೊಡ್ಡ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ರೇಡಿಯಲ್‌ನವರದ್ದೇ ಸ್ಟೇಜ್‌ಬಗ್ ಅಂತ ಜೇಬಿನ ಸರಣಿ ಇದೆ, ಅದರಲ್ಲಿ ಎಸ್‌ಬಿ-2 ಅನ್ನೋದು ಪ್ಯಾಸಿವ್. ವರ್ಲ್‌ವಿಂಡ್‌ನ ಇಂಪ್ 2 ಹಳೇ ಕುದುರೆ. ಬೆರಿಂಜರ್ ಡಿಐ400ಪಿ ಕಮ್ಮಿ ದುಡ್ಡಿನದ್ದು. ಹೆಸರು ಹೇಳಿದೆ ಅಂತ ಕಣ್ಣು ಮುಚ್ಚಿ ತರಬೇಡಿ, ಎಡಗಡೆ ಕೊನೆ ಮನೆ ಒತ್ತಿ ಕೇಳಿಯೇ ತನ್ನಿ.

ಕೊನೆಗೆ ಮಲ್ಟಿಮೀಟರ್. ಬೀಪ್ ಅನ್ನೋ ಜಾಗ ಇರುವ ಅಗ್ಗದ ಹಳದಿ ಮೀಟರ್ ಸಾಕು, ಆ ಜಾಗಕ್ಕೆ ತಿರುಗಿಸಿ. ಡಬ್ಬಿಗೆ ಏನನ್ನೂ ಸಿಕ್ಕಿಸಬೇಡಿ. ಒಂದು ಪಿ-38 ಜ್ಯಾಕನ್ನು ಮಾತ್ರ ಒಳಗೆ ಹಾಕಿ, ಲಿಫ್ಟ್ ಒತ್ತಿ. ಮೀಟರಿನ ಒಂದು ಕಡ್ಡಿಯನ್ನು ಜ್ಯಾಕಿನ ತುದಿಗೆ ಹಿಡಿದು ಇನ್ನೊಂದನ್ನು ಎಕ್ಸ್‌ಎಲ್‌ಆರ್‌ನ ಮೂರೂ ಪಿನ್ನಿಗೆ ಮುಟ್ಟಿಸಿ. ಆಮೇಲೆ ಜ್ಯಾಕಿನ ಮೈಗೆ ಹಿಡಿದು ಮತ್ತೆ ಮೂರೂ ಪಿನ್ನಿಗೆ. ಆರು ಸಲ ಮುಟ್ಟಿಸಿದಿರಿ, ಆರು ಸಲವೂ ಮೀಟರ್ ಸುಮ್ಮನಿರಬೇಕು. ಬೀಪ್ ಅಂದರೆ ಆಕಡೆಗೂ ಈಕಡೆಗೂ ಎಲ್ಲೋ ತಂತಿ ಇದೆ. ಇನ್ನು ಪಿನ್ 2ಕ್ಕೂ 3ಕ್ಕೂ ನಡುವೆ ಓಮ್ ನೋಡಿ. ಸ್ವಲ್ಪ ಓಮ್ ತೋರಿಸಬೇಕು, ಅದು ಸುರುಳಿಯ ತಂತಿ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ.

ಮಾತು ಮುಗಿದ ಮೇಲೆ ಊಟಕ್ಕೆ ಮುಂಚೆ ಕೆಲವರು ತಮ್ಮ ಡಬ್ಬಿಗಳನ್ನು ಮೇಜಿನ ಮೇಲೆ ತಂದಿಟ್ಟರು. ಮೂರು ಸರಿ ಇದ್ದವು. ಒಂದರಲ್ಲಿ ಲಿಫ್ಟ್ ಸ್ವಿಚ್ ತುಕ್ಕು ಹಿಡಿದಿತ್ತು, ಹತ್ತು ಸಲ ಒತ್ತಿ ಬಿಟ್ಟಮೇಲೆ ಸರಿಹೋಯಿತು. ಐದನೆಯದು ಎಲ್ಲಕ್ಕಿಂತ ಚೆಂದ ಇತ್ತು, ಕೆಂಪು ಬಣ್ಣ, ತೂಕವೂ ಇತ್ತು. ತುದಿಯಿಂದ ಪಿನ್ 2ಕ್ಕೆ ಮುಟ್ಟಿಸಿದೆವು, ಮೀಟರ್ ಬೀಪ್ ಅಂತು. ಮುಚ್ಚಳ ಬಿಚ್ಚಿದರೆ ಒಳಗೆ ಎರಡು ವೈರು, ತೂಕಕ್ಕೆ ಒಂದು ಕಬ್ಬಿಣದ ಪಟ್ಟಿ. ಅದರ ಯಜಮಾನ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಅಣ್ಣಾ, ಡಬ್ಬಿ ಗಟ್ಟಿ ಇದೆ, ಇದರೊಳಗೆ ಟ್ರಾನ್ಸ್‌ಫಾರ್ಮರ್ ಕೂರಿಸೋಕಾಗುತ್ತಾ?" ಅಂದ. ಅಳತೆ ತಗೊಂಡಿದ್ದೇನೆ. ಕೂರುತ್ತದೆ.